ಮದುವೆ ಫೋಟೋ ಸೂಪರ್, ಜಗಳ ಫ್ಲೆಕ್ಸ್‌ದು

ಕೊಡವ ಪದ್ಧತಿಯಲ್ಲಿ ನಡೆದ ತಂಗಿಯ ಮದುವೆಗೆ ಕೊಡಗಿನ ವಿರಾಜಪೇಟೆಯ ಒಂದು ಸ್ಟುಡಿಯೋದವರನ್ನು ಕರೆಸಿದ್ದೆವು. ಹೆಸರು ಬೇಡ.

ಕೆಲಸದ ಬಗ್ಗೆ ಎರಡು ಮಾತಿಲ್ಲ. ಮೇ ತಿಂಗಳ ಮಳೆಮೋಡ, ಹಾಲ್ ಒಳಗೆ ಮಧ್ಯಾಹ್ನವೇ ಕತ್ತಲು. ಆದರೂ ಸುಮ್ನೆ ಫ್ಲ್ಯಾಶ್ ಹೊಡೆಯದೆ ಬಾಗಿಲ ಬೆಳಕಿನಲ್ಲೇ ತೆಗೆದಿದ್ದಾರೆ. ಭಾವನ ಬಿಳಿ ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮಡಿಕೆಗಳು ಹಾಗೇ ಉಳಿದಿವೆ, ಸೊಂಟಕ್ಕೆ ಸಿಗಿಸಿದ ಪೀಚೆಕತ್ತಿಯ ಬೆಳ್ಳಿ ಕುಸುರಿ ಗೆರೆಗೆರೆಯಾಗಿ ಕಾಣುತ್ತದೆ. ಬಾಳೆ ಕಡಿಯುವ ಶಾಸ್ತ್ರದ ಫೋಟೋದಲ್ಲಂತೂ ತುಂಡಾದ ದಿಂಡು ಇನ್ನೂ ನೆಲಕ್ಕೆ ಬಿದ್ದಿಲ್ಲ! ಆಲ್ಬಮ್ ಬೈಂಡಿಂಗ್ ಪರವಾಗಿಲ್ಲ, ರೇಟು ಸ್ವಲ್ಪ ಜಾಸ್ತಿ.

ತಕರಾರು ಶುರುವಾಗಿದ್ದು ಆಮೇಲೆ. ಒಂದು ಮಾತೂ ಕೇಳದೆ ತಂಗಿಯ ಫೋಟೋವನ್ನು ಅಂಗಡಿ ಮುಂದೆ ಫ್ಲೆಕ್ಸ್ ಮಾಡಿ ಕಟ್ಟಿದ್ದರು. ಹೋಗಿ ಕೇಳಿದರೆ, "ಕಾಪಿರೈಟ್ ನಮ್ದು ಸರ್, ತೆಗೆದವರದ್ದೇ ಅಲ್ವಾ?" ಅಂದರು.

ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17 ನೋಡಿ. ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮೊದಲ ಹಕ್ಕು ತೆಗೆಸಿದವರದ್ದೇ. ನಮ್ಮ ಬಿಲ್ಲಿನಲ್ಲಿ ಅಡ್ವಾನ್ಸ್, ಬಾಕಿ, ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಂತ ಅವರ ಸಿಟ್ಟು ನನಗೆ ಅರ್ಥವಾಗದೆ ಇಲ್ಲ. 1710ರಲ್ಲಿ ಬ್ರಿಟನ್ ಈ ಬಗೆಯ ಮೊದಲ ಕಾಯ್ದೆ ತಂದಾಗ ಅದು ಪುಸ್ತಕಕ್ಕೆ ಮಾತ್ರ, ಅದೂ 14 ವರ್ಷ, ಬರೆದವರು ಬದುಕಿದ್ದರೆ ಇನ್ನೊಂದು 14. ಕ್ಯಾಮೆರಾ ಬಂದ ಮೇಲೆ, ಬಟನ್ ಒತ್ತಿದರೆ ಮಶೀನೇ ಚಿತ್ರ ಮಾಡುತ್ತದೆ, ಇದರಲ್ಲಿ ಕಲೆ ಎಲ್ಲಿದೆ ಅನ್ನುವ ವಾದವೇ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನೆಪೋಲಿಯನ್ ಸರೋನಿ ಅನ್ನುವ ಫೋಟೋಗ್ರಾಫರ್ ತೆಗೆದಿದ್ದ, ಸಾಹಿತಿ ಆಸ್ಕರ್ ವೈಲ್ಡ್ ಫೋಟೋವನ್ನು ಒಂದು ಕಂಪನಿ ಸಾವಿರಾರು ಪ್ರತಿ ಅಚ್ಚು ಹಾಕಿಬಿಟ್ಟಿತ್ತು. ಕೂರಿಸಿದ ಭಂಗಿ, ಬಟ್ಟೆ, ಬೆಳಕು ನೆರಳು ಎಲ್ಲ ಸರೋನಿಯ ಯೋಚನೆಯೇ, ಹಾಗಾಗಿ ಅವನು ಕರ್ತೃ ಅಂತ 1884ರಲ್ಲಿ ಕೋರ್ಟ್ ಹೇಳಿತು. ಆ ಬಾಳೆದಿಂಡಿನ ಫೋಟೋ ನೋಡಿದವರು ಯಾರೂ ಅದು ಬರೀ ಮಶೀನಿನ ಕೆಲಸ ಅನ್ನಲ್ಲ. ನಮ್ಮ ಕಾಯ್ದೆಯ ಸೆಕ್ಷನ್ 57 ಕೂಡ, ಹಕ್ಕು ಕೈಬಿಟ್ಟ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೇ ಉಳಿಸಿದೆ. ಹಾಗಾಗಿ ನಮ್ಮ ಕಸಿನ್‌ಗಳು ಸ್ಟುಡಿಯೋ ಹೆಸರು ಕ್ರಾಪ್ ಮಾಡಿ ಇನ್‌ಸ್ಟಾಗೆ ಹಾಕಿದ್ದೂ ಸರಿಯಲ್ಲ. (ಹೇಳಿದೆ, ಕೇಳಿಲ್ಲ.)

ಫ್ಲೆಕ್ಸ್ ಗೊಣಗುತ್ತಲೇ ಇಳಿಸಿದರು. ರಾ ಫೈಲ್ (ಎಡಿಟ್ ಮಾಡದ, ಕ್ಯಾಮೆರಾದ ಮೂಲ ಫೈಲ್) ಮಾತ್ರ ಕೊಟ್ಟಿಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಬೇಕು. ಸ್ಟುಡಿಯೋಗೆ ನನ್ನ ಮಾರ್ಕು ಐದಕ್ಕೆ ಮೂರೂವರೆ. ಬುಕ್ ಮಾಡುವವರು ಅಡ್ವಾನ್ಸ್ ಕೊಡುವಾಗಲೇ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ: ಕೇಳದೆ ಜಾಹೀರಾತಿಗೆ ಬಳಸುವಂತಿಲ್ಲ, ರಾ ಫೈಲ್ ಕೊಡಬೇಕು.