ಪುಣೆಯ ಬಾಲಗಂಧರ್ವ ರಂಗಮಂದಿರ: ಕನ್ನಡ ತಂಡಗಳು ಬುಕ್ ಮಾಡುವ ಮುನ್ನ

ಪುಣೆಯಲ್ಲಿ ಕನ್ನಡ ನಾಟಕವನ್ನೋ ಯಕ್ಷಗಾನವನ್ನೋ ಆಡಿಸೋಣ ಅಂದ ಕೂಡಲೇ ಬಾಯಿಗೆ ಬರುವ ಹೆಸರು ಬಾಲಗಂಧರ್ವ. ಜಂಗಲಿ ಮಹಾರಾಜ್ ರಸ್ತೆಯಲ್ಲಿ, ಮುಠಾ ನದಿಯ ಮಗ್ಗುಲಲ್ಲಿದೆ. ಮೆಟ್ರೊದ ಸಂಭಾಜಿ ಉದ್ಯಾನ ನಿಲ್ದಾಣದಿಂದ ನಡೆದೇ ಬರಬಹುದು. ಪಾಲಿಕೆಯ ರಂಗಮಂದಿರ, 989 ಆಸನ. ಮಾತೇ ಜೀವಾಳವಾದ ನಾಟಕಕ್ಕೆ ಊರಿನ ದೊಡ್ಡ ರಂಗಗಳಲ್ಲಿ ನಮ್ಮ ಮೊದಲ ಆಯ್ಕೆ ಇದೇ.

1962ರ ಅಕ್ಟೋಬರ್ 8ರಂದು ಅಡಿಗಲ್ಲು ಇಟ್ಟವರು, ಸ್ತ್ರೀಪಾತ್ರಗಳಿಗೆ ಹೆಸರಾದ ಮರಾಠಿ ಸಂಗೀತನಾಟಕದ ನಟ-ಗಾಯಕ, ಸ್ವತಃ ಬಾಲಗಂಧರ್ವರು. ಕಟ್ಟಡ ಮುಗಿದದ್ದನ್ನು ಅವರು ಕಾಣಲಿಲ್ಲ, 1967ರ ಜುಲೈನಲ್ಲಿ ತೀರಿಕೊಂಡರು. ಮರುವರ್ಷ ಅವರ ಹುಟ್ಟುಹಬ್ಬದ ದಿನವೇ, ಜೂನ್ 26ರಂದು, ಉದ್ಘಾಟನೆಯಾಯಿತು. ಕಟ್ಟುವಾಗ ಮರಾಠಿ ಲೇಖಕ, ನಾಟಕಕಾರ ಪು. ಲ. ದೇಶಪಾಂಡೆಯವರ ಮಾರ್ಗದರ್ಶನ ಇತ್ತು. ಕನ್ನಡದವರಿಗೆ ಇದು ಪರರ ಮನೆಯೂ ಅಲ್ಲ: ಬಾಲಗಂಧರ್ವರು 1905ರಲ್ಲಿ ಸೇರಿದ ಕಿರ್ಲೋಸ್ಕರ್ ನಾಟಕ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು, ಬಾಲಗಂಧರ್ವರ ಕೈಹಿಡಿದ ಗೋಹರಬಾಯಿ ಬೀಳಗಿಯವರು.

ಈಗ ಕೆಲಸದ ಮಾತು. ಇಲ್ಲಿ ಪ್ರಯೋಗದ ವೇಳೆ ಸಾಮಾನ್ಯವಾಗಿ ಮಧ್ಯಾಹ್ನ 12:30, ಸಂಜೆ 5:30, ರಾತ್ರಿ 9:30. ಸಂಜೆಯ ಆಟ ಸಿಕ್ಕಿತೆಂದರೆ, ಮಧ್ಯಾಹ್ನದ ತಂಡ ಸೆಟ್ ಬಿಚ್ಚಿ ಹೊರಹೋಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ. ಹೊರಗಿನಿಂದ ಬಂದ ತಂಡಗಳು ಎಡವುವುದು ಇಲ್ಲೇ: ಬಂದವರೇ ಸೆಟ್ ನಿಲ್ಲಿಸಿಬಿಡುತ್ತಾರೆ, ಆಮೇಲೆ ಲೈಟ್ ಫೋಕಸ್ ಮಾಡಲು ಏಣಿ ಇಡಲು ಜಾಗವೇ ಇರುವುದಿಲ್ಲ. ಮೊದಲು ಖಾಲಿ ರಂಗದಲ್ಲಿ ಲೈಟ್, ಆಮೇಲೆ ಸೆಟ್, ಕೊನೆಗೆ ಧ್ವನಿ. ಫ್ಲ್ಯಾಟ್‌ಗಳು, ಅಂದರೆ ಸೆಟ್ಟಿನ ಗೋಡೆಯಾಗಿ ನಿಲ್ಲಿಸುವ ಹಲಗೆ-ಚೌಕಟ್ಟುಗಳು, 4 ಅಡಿ ಅಗಲ, 8 ಅಡಿ ಎತ್ತರ ಮೀರದಿದ್ದರೆ ಇಬ್ಬರೇ ಎತ್ತಿ ನಿಲ್ಲಿಸಬಹುದು. ಕೀಲು ಹಾಕಿ ಮಡಚುವಂತೆ ಮಾಡಿಕೊಂಡು ಬಂದರೆ ಇಪ್ಪತ್ತು ನಿಮಿಷದ ಕೆಲಸ.

ಯಕ್ಷಗಾನದ್ದು ಬೇರೆಯೇ ತೊಂದರೆ. ರಂಗದ ಅಂಚಿನಲ್ಲಿಟ್ಟ ಮೈಕು ಮಾತಿಗಿಂತ ಮೊದಲು ಹೆಜ್ಜೆಯ ಗುದ್ದನ್ನೇ ಹಿಡಿಯುತ್ತದೆ, ಏಕೆಂದರೆ ಮರದ ನೆಲ ನಡುಗಿದರೆ ಮೈಕೂ ನಡುಗುತ್ತದೆ. ಮೈಕಿನಡಿ ಒಂದು ಇಂಚು ದಪ್ಪದ ಫೋಮ್ ಇಡಿ, ಮಿಕ್ಸರಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ; ಗೆಜ್ಜೆ ಉಳಿಯುತ್ತದೆ, ಗುದ್ದು ಹೋಗುತ್ತದೆ. ಚಂಡೆಗೆ ಮೈಕು ಬೇಡವೇ ಬೇಡ. ಭಾಗವತರಿಗೆ, ಮದ್ದಳೆಗೆ ಸಾಕು. ಹಿಮ್ಮೇಳವನ್ನು ದಪ್ಪ ಪರದೆಗೆ ಒತ್ತಿ ಕೂರಿಸಬೇಡಿ, ಬಟ್ಟೆ ಏರುಶ್ರುತಿಯ ನಾದವನ್ನೆಲ್ಲ ನುಂಗುತ್ತದೆ.

ಮಹಾರಾಷ್ಟ್ರದಲ್ಲಿ ನಾಟಕ ಆಡಲು, ಕೃತಿಯನ್ನು ಮೊದಲೇ ಓದಿ ಒಪ್ಪಿಗೆ ಕೊಡುವ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಕರ್ನಾಟಕದಿಂದ ಬರುವ ತಂಡಗಳಿಗೆ ಈ ಅಭ್ಯಾಸವಿಲ್ಲ, ಕೊನೇ ವಾರದಲ್ಲಿ ಓಡಾಡುತ್ತಾರೆ. ತಾರೀಖು ಗೊತ್ತಾದ ದಿನವೇ ಕೃತಿಯ ಪ್ರತಿ ಕಳಿಸಿ. ಶನಿವಾರ, ಭಾನುವಾರಕ್ಕೆ ಮರಾಠಿ ಕಂಪನಿಗಳ ಪೈಪೋಟಿ ಇರುತ್ತದೆ; ವಾರದ ದಿನ ಒಪ್ಪಿಕೊಂಡರೆ ಹಾದಿ ಸುಲಭ.

989 ಆಸನ ಕನ್ನಡದ ಆಟಕ್ಕೆ ದೊಡ್ಡದು. ಮುನ್ನೂರು ಜನ ಅಲ್ಲಲ್ಲಿ ಚದುರಿ ಕೂತರೆ ನಟರ ಉಸಿರೇ ಇಳಿಯುತ್ತದೆ. ಬಾಲ್ಕನಿ ಮುಚ್ಚಿ, ಟಿಕೆಟನ್ನು ನಡುವಿನ ಸಾಲುಗಳಿಂದ ಮಾರಿ. ನೂರರ ಆಸುಪಾಸಿನ ಪ್ರಾಯೋಗಿಕ ನಾಟಕವಾದರೆ ಶನಿವಾರ ಪೇಟೆಯ ಸುದರ್ಶನ ರಂಗಮಂಚವೇ ಮೇಲು.

ಇದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಪಾಲಿಕೆಯಿಂದ ಮತ್ತೆಮತ್ತೆ ಬಂದಿದೆ, ಹಲವು ಕಲಾವಿದರು ವಿರೋಧಿಸಿದ್ದಾರೆ. ನಮ್ಮದೂ ಅದೇ ಮಾತು: ಶೌಚಾಲಯ, ವೈರಿಂಗ್, ಎ.ಸಿ. ಇವನ್ನೆಲ್ಲ ರಿಪೇರಿ ಮಾಡಬಹುದು, ಮಾತು ಕೇಳಿಸುವ ರಂಗವನ್ನು ಮತ್ತೆ ಹೊಂದಿಸುವುದು ಸುಲಭವಲ್ಲ. ಗೋಪಾಳ ದೇವುಸ್ಕರ್ ಬರೆದ ಬಾಲಗಂಧರ್ವರ ಎರಡು ದೊಡ್ಡ ತೈಲಚಿತ್ರಗಳು ಇಲ್ಲಿವೆ, ಒಂದರಲ್ಲಿ ಸ್ತ್ರೀವೇಷ, ಇನ್ನೊಂದರಲ್ಲಿ ಅವರದೇ ರೂಪ. ಆಟ ಶುರುವಾಗುವ ಮೂರನೇ ಗಂಟೆ ಹೊಡೆಯುವ ಮೊದಲು ಐದು ನಿಮಿಷ ಅವುಗಳ ಮುಂದೆ ನಿಲ್ಲಿ.