ಸಂದೂಕ ಖಾಲಿ ಮಾಡಿಸಿದ ಕೌದಿ: ಶಹಾಬಜಾರದ ಒಂದು ಹೊಲಿಗೆ ಮನೆ

ಕಲಬುರಗಿಯ ಶಹಾಬಜಾರದ ಒಂದು ಒಳಗಲ್ಲಿಯಲ್ಲಿ ಅಜ್ಜಿ ಮತ್ತು ಸೊಸೆ ಸೇರಿ ಹಳೆ ಸೀರೆಗಳಿಂದ ಕೌದಿ, ಅಂದರೆ ಪದರ ಪದರವಾಗಿ ಜೋಡಿಸಿದ ಹಾಸು-ಹೊದಿಕೆ, ಹೊಲಿದು ಕೊಡುತ್ತಾರೆ. ಬೋರ್ಡ್ ಇಲ್ಲ. ಅಂಗಡಿ ಅನ್ನುವಂಥದ್ದೂ ಇಲ್ಲ. ಬಾಗಿಲ ಮುಂದೆ ಬೇವಿನ ಮರ, ಅದರ ನೆರಳಿಗೆ ಹಾಸಿದ ಫರ್ಸಿ ಕಲ್ಲು, ಅಷ್ಟೇ. ಮನೆಯ ಸಾಮಾನು ಕಡಿಮೆ ಮಾಡಬೇಕು ಅಂತ ಹೊರಟವರಿಗೆ ಈ ಜಾಗ ಎಷ್ಟು ಉಪಯೋಗ ಅನ್ನುವುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಮೊದಲು ನಮ್ಮ ಮನೆಯ ಹಾಡು ಕೇಳಿ. ಜೇವರ್ಗಿ ರಸ್ತೆ ಕಡೆ ಎರಡು ಬೆಡ್‌ರೂಮಿನ ಮನೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಅಟ್ಟದ ಮೇಲೆ ಸಂದೂಕ, ಸಂದೂಕದ ಮೇಲೆ ಬಟ್ಟೆ ಗಂಟು, ಆ ಗಂಟಿನ ಮೇಲೆ ಇನ್ನೊಂದು ಗಂಟು. ಇದಕ್ಕೆಲ್ಲ ಅರ್ಧ ಕಾರಣ ಆಹೇರಿ, ಅಂದರೆ ಶುಭಕಾರ್ಯಗಳಲ್ಲಿ ಕೊಡುವ ಬಟ್ಟೆಯ ಉಡುಗೊರೆ. ಮದುವೆಗೆ ಹೋದರೆ ಸೀರೆ, ಕುಪ್ಪಸಕ್ಕೆ (ಸೀಮಂತಕ್ಕೆ) ಹೋದರೆ ಸೀರೆ, ಮನೆ ತುಂಬುವುದಕ್ಕೆ ಹೋದರೆ ಟವೆಲ್ಲು, ಟೋಪಿ, ಜಂಪರ್ ಪೀಸು (ರವಿಕೆ ಬಟ್ಟೆ). ಆಹೇರಿ ಸೀರೆಯನ್ನು ಯಾರೂ ಉಡುವುದಿಲ್ಲ. ಮುಂದಿನ ಆಹೇರಿಗೆ ಅಂತ ಎತ್ತಿಡುತ್ತೇವೆ. ಜಂಪರ್ ಪೀಸುಗಳು ಊರೂರು ಸುತ್ತಿ, ನಾವು ಕೊಟ್ಟದ್ದೇ ನಮ್ಮ ಉಡಿಗೆ ಬಂದು ಬೀಳುತ್ತದೆ. ಎರಡು ವರ್ಷದಿಂದ ನನ್ನ ಹತ್ತಿರ ಒಂದು ಗಿಳಿಹಸಿರು ಪೀಸು ಇದೆ. ಅದು ಇನ್ನೆಷ್ಟು ಮದುವೆ ನೋಡುತ್ತದೋ ಗೊತ್ತಿಲ್ಲ.

ಮಗಳು ಮೊಬೈಲಿನಲ್ಲಿ ಮಿನಿಮಲಿಸಂ ವಿಡಿಯೋ ತೋರಿಸಿದಳು. ಬಿಳಿ ಗೋಡೆ, ಒಂದೇ ಒಂದು ಕುರ್ಚಿ, ಕಪಾಟಿನಲ್ಲಿ ಎಣಿಸಿಟ್ಟ ಹಾಗೆ ಬಟ್ಟೆ. ಒಂದು ವರ್ಷ ಮುಟ್ಟದ್ದನ್ನು ಮನೆಯಿಂದ ಹೊರಗೆ ಹಾಕಿ ಅಂದರು. ಹೊರಗೆ ಅಂದರೆ ಎಲ್ಲಿಗೆ? ಅದನ್ನು ಮಾತ್ರ ಹೇಳಲಿಲ್ಲ. ಅತ್ತೆ ಕೇಳಿದ್ದೂ ಅದನ್ನೇ. "ಉಟ್ಟ ಸೀರಿ ಕಸದ ಗಾಡಿಗೆ ಹಾಕ್ತೀರೇನು?" ಇದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಬೇರೆ ದಾರಿಗಳನ್ನು ನೋಡಿದ್ದೆವು. ಓಣಿಗೆ ಪಾತ್ರೆ ಬುಟ್ಟಿ ಹೊತ್ತು ಬರುವವರಿಗೆ ಒಂದು ಗುಡ್ಡೆ ಪ್ಯಾಂಟು ಶರ್ಟು ಕೊಟ್ಟರೆ ಒಂದು ಸ್ಟೀಲ್ ಡಬ್ಬಿ ಕೊಡುತ್ತಾರೆ. ಬಟ್ಟೆ ಹೋಯಿತು, ಡಬ್ಬಿ ಬಂತು. ಅಡುಗೆಮನೆಯಲ್ಲಿ ಡಬ್ಬಿಗೇನು ಬರ ಅಲ್ವಾ! ಗಾಳಿ ಎಳೆದು ಬಟ್ಟೆ ಚಪ್ಪಟೆ ಮಾಡುವ ವ್ಯಾಕ್ಯೂಮ್ ಚೀಲವನ್ನೂ ತರಿಸಿದೆವು. ಗಾತ್ರ ಕುಗ್ಗಿತು, ಸೀರೆ ಒಂದೂ ಕಮ್ಮಿಯಾಗಲಿಲ್ಲ.

ಕೌದಿ ಅಜ್ಜಿಯ ಹತ್ತಿರ ಆಗಿದ್ದು ಬೇರೆ. ಅವರು ಗಂಟು ಬಿಚ್ಚಿ, ಒಂದೊಂದೇ ಸೀರೆಯ ಸೆರಗು ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಹತ್ತಿಯದು ಈ ಕಡೆ, ಪಾಲಿಯೆಸ್ಟರ್ ಆ ಕಡೆ. ಪಾಲಿಯೆಸ್ಟರ್ ಸೂಜಿಯ ಕೆಳಗೆ ಜಾರುತ್ತದೆ, ಪದರಗಳು ಒಂದೆಡೆ ಮುದ್ದೆಯಾಗುತ್ತವೆ. ಬೆವರನ್ನೂ ಹೀರುವುದಿಲ್ಲ. ಆಮೇಲೆ ಹತ್ತಿಯಲ್ಲೇ ಮತ್ತೆ ವಿಂಗಡಣೆ. ಬಣ್ಣ ಚೆನ್ನಾಗಿದ್ದದ್ದು ಮೇಲಕ್ಕೆ, ಮಾಸಿದ್ದು ಒಳಗೆ, ಹರಿದ ಭಾಗ ಕತ್ತರಿಗೆ. ತೀರಿಹೋದ ಮಾವನವರ ಧೋತರಗಳನ್ನು ಅತ್ತೆ ಸಂದೂಕದ ತಳದಲ್ಲಿ ಇಟ್ಟಿದ್ದರು. ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಅವನ್ನು ಅವರೇ ತೆಗೆದು ಅಜ್ಜಿಯ ಮುಂದಿಟ್ಟರು. "ಒಳಪದರಕ್ಕೆ ಹಾಕವ್ವ, ಮೆತ್ತಗಿರ್ತಾವ" ಅಂದರು. ನಾನು, ಗಂಡ, ವಿಡಿಯೋ ಮೂವರೂ ಸೇರಿ ಮಾಡಲಾಗದ ಕೆಲಸ ಅದು. ಬಟ್ಟೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಹಿರಿಯರು ಸಲೀಸಾಗಿ ಕೈಬಿಡುತ್ತಾರೆ.

ಲೆಕ್ಕ ಹೀಗಿದೆ. ಐದೂವರೆ ಮೀಟರ್ ಸೀರೆಯನ್ನು ಎರಡು ತುಂಡು ಮಾಡಿ ಅಕ್ಕಪಕ್ಕ ಜೋಡಿಸಿದರೆ ಡಬಲ್ ಹಾಸಿಗೆಯ ಕೌದಿಗೆ ಒಂದು ಪದರ. ನಾಲ್ಕು ಪದರಕ್ಕೆ ನಾಲ್ಕು ಸೀರೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಪೂರ್ತಿ ಕೈಹೊಲಿಗೆ. ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ. ನಾವು ಡಬಲ್ ಕೌದಿಗೆ 1,500 ರೂಪಾಯಿ ಕೊಟ್ಟೆವು. ಆ ಹೊಲಿಗೆ ನೋಡಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಈಗ ತಕರಾರು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಹಬ್ಬ, ಜಾತ್ರೆ, ಮೊಮ್ಮಗನ ಜ್ವರ, ಏನಾದರೂ ಒಂದು ಇರುತ್ತದೆ. ಒಂದು ಕೌದಿಗೆ ಹಾಕಿದ ಕೆಂಪು ದಾರ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬಿಳಿ ಜಾಗಗಳೆಲ್ಲ ಗುಲಾಬಿಯಾದವು. ಒಂದು ಅಂಕ ಕಳೆದದ್ದು ಇದಕ್ಕೇ. ತಡವಾದದ್ದನ್ನು ನಾನು ಹೇಗೋ ಸಹಿಸಿಕೊಂಡೆ. ಪಾಲಿಯೆಸ್ಟರ್ ಸೀರೆಗಳು ಅದೇ ಗಂಟಿನಲ್ಲಿ ಮನೆಗೆ ವಾಪಸ್ ಬಂದವು. ಅದರಲ್ಲಿ ಅಜ್ಜಿಯ ತಪ್ಪೇನಿಲ್ಲ, ಆದರೆ ಇದು ತಿಳಿದಿರಲಿ. ಈಗ ಮನೆಗಳಲ್ಲಿ ರಾಶಿ ಬಿದ್ದಿರುವುದು ಜಾಸ್ತಿ ಅವೇ. ಎರಡನ್ನು ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಲು ಇಟ್ಟುಕೊಂಡೆ, ಉಳಿದವು ಪಾತ್ರೆಯವರ ಬುಟ್ಟಿಗೆ ಹೋದವು. ಹೌದು, ಮತ್ತೊಂದು ಡಬ್ಬಿ ಬಂತು.

ಇನ್ನೊಂದು ಅಪಾಯವೂ ಇದೆ. ಕೌದಿ ಚೆಂದ ಬಂದಿದೆ ಅಂತ ಇದ್ದ ಸೀರೆಗಳನ್ನೆಲ್ಲ ಹೊಲಿಸಲು ಹೊರಟರೆ ಸೀರೆ ಗಂಟಿನ ಜಾಗಕ್ಕೆ ಕೌದಿ ಗಂಟು ಬರುತ್ತದೆ. ನಮ್ಮ ಅತ್ತೆಗೆ ಆ ಹುಮ್ಮಸ್ಸು ಬಂದಿತ್ತು. ಮಂಚಕ್ಕೆ ಒಂದು, ಬರುವ ಹೋಗುವವರಿಗೆ ಒಂದು, ಅಲ್ಲಿಗೆ ಮುಗಿಸೋಣ ಅಂತ ಮನೆಯಲ್ಲೇ ಮಾತಾಡಿಕೊಂಡೆವು. ಕೌದಿ ಬಂದ ಮೇಲೆ ದಪ್ಪ ರಜಾಯಿಗಳನ್ನು ಕೊಟ್ಟುಬಿಟ್ಟೆವು. ಕಲಬುರಗಿಯ ಚಳಿಗೆ ಕೌದಿ ಸಾಕು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಾಳಿಗೆ ಮೇಲೆ ಹಾಸಿ ಮಲಗಲೂ ಅದೇ ಆಗುತ್ತದೆ. ಒಂದೇ ವಸ್ತು, ಎರಡು ಕಾಲಕ್ಕೆ. ಸಂದೂಕ ಗುಜರಿಗೆ ಹೋಯಿತು. ಅಟ್ಟದ ಆ ಮೂಲೆ ಈಗ ಖಾಲಿ ಇದೆ. ಅಲ್ಲಿ ಏನಿಡೋಣ ಅಂತ ಗಂಡ ಕೇಳುತ್ತಲೇ ಇರುತ್ತಾರೆ.

ತೊಳೆಯುವ ವಿಷಯ. ಮಷೀನಿಗೆ ಹಾಕಬೇಡಿ. ನಾಲ್ಕು ಪದರ ನೀರು ಕುಡಿದರೆ ಎತ್ತಲು ಇಬ್ಬರು ಬೇಕು. ನಮ್ಮ ಕಡೆ ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುತ್ತೇವಲ್ಲ, ಆಗ ಇದನ್ನೂ ಮುಗಿಸಿದರಾಯಿತು. ನಡುವೆ ಆಗಾಗ ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.

ಹೋಗುವವರಿಗೆ ಎರಡು ಮಾತು. ಅಜ್ಜಿ ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ಬಿಸಿಲೇರುವ ಮುಂಚೆ ಗಂಟು ಹೊತ್ತುಕೊಂಡೇ ಹೋಗಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಬಣ್ಣ ಬಿಡದ ದಾರವನ್ನು ನೀವೇ ಕೊಂಡುಕೊಂಡು ಹೋಗಿ, ಅಜ್ಜಿ ಬೇಜಾರು ಮಾಡಿಕೊಳ್ಳುವುದಿಲ್ಲ. ಜಂಪರ್ ಪೀಸು ಕೊಟ್ಟರೆ ಕೂಸುಗಳಿಗೆ ಕುಂಚಿಗೆ (ತಲೆ-ಬೆನ್ನು ಮುಚ್ಚುವ ಟೊಪ್ಪಿಗೆ) ಹೊಲಿದು ಕೊಡುತ್ತಾರಂತೆ. ನಮ್ಮ ನಾದಿನಿಗೆ ಈಗ ಏಳು ತಿಂಗಳು. ಆ ಗಿಳಿಹಸಿರು ಪೀಸನ್ನು ಮುಂದಿನ ವಾರ ತೆಗೆದುಕೊಂಡು ಹೋಗುತ್ತಿದ್ದೇನೆ.