ಐದನೇತ್ತೆ ಆಯ್ತು, ಮುಂದೆ ಯಾವ ಸಾಲಿ? ಹುಬ್ಬಳ್ಳಿ-ಧಾರವಾಡದ ಸರ್ಕಾರಿ ಶಾಲೆಗಳ ಹೋಲಿಕೆ

ಐದನೇತ್ತೆ ಮುಗಿಸಿದ ಮಕ್ಕಳಿಗೆ ಅವಳಿ ನಗರದಲ್ಲಿ ಸರ್ಕಾರಿ ದಾರಿ ಮುಖ್ಯವಾಗಿ ನಾಲ್ಕು: ಓಣಿಯ ಹಿರಿಯ ಪ್ರಾಥಮಿಕ ಶಾಲೆ, ಕರ್ನಾಟಕ ಪಬ್ಲಿಕ್ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಮತ್ತು ಕ್ಯಾರಕೊಪ್ಪದ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ). ಕೇಂದ್ರೀಯ ವಿದ್ಯಾಲಯ ಹುಬ್ಬಳ್ಳಿಯಲ್ಲೂ ಇದೆ, ಧಾರವಾಡದಲ್ಲೂ ಇದೆ. ಆದರೆ ಅಲ್ಲಿ ಮೊದಲ ಸರದಿ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳದು, ಆರನೇತ್ತೆಗೆ ಸೀಟು ಖಾಲಿ ಬಿದ್ದರೆ ಮಾತ್ರ ಉಳಿದವರದು. ರೈಲ್ವೆಯವರನ್ನು ಬಿಟ್ಟು ಬೇರೆಯವರು ಅದನ್ನೇ ನಂಬಿ ಕೂರಬೇಡಿ.

ಶಾಲೆ ನೋಡಲು ಹೋದವರು ಬಣ್ಣ, ಸ್ಮಾರ್ಟ್ ಟಿವಿ, ಗೇಟು ನೋಡಿ ಬರುತ್ತಾರೆ. ನೋಡಬೇಕಾದದ್ದು ಮುಖ್ಯಾಧ್ಯಾಪಕರ ಕೋಣೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿ. ಆರನೇತ್ತೆ, ಏಳನೇತ್ತೆ ಸಾಲಿನ ಗಣಿತ ಮತ್ತು ವಿಜ್ಞಾನದ ಚೌಕದಲ್ಲಿ ಯಾರ ಹೆಸರಿದೆ, ಅವರು ಪದವೀಧರ ಶಿಕ್ಷಕರೋ ಅತಿಥಿ ಶಿಕ್ಷಕರೋ ಕೇಳಿ. 2022ರಲ್ಲಿ ಆರರಿಂದ ಎಂಟನೇತ್ತೆಗೆಂದೇ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರೂ ಅಷ್ಟೂ ತುಂಬಲಿಲ್ಲ. ಖಾಲಿ ಉಳಿದ ಕಡೆ ಕೆಳಗಿನ ತರಗತಿಯ ಅಕ್ಕೋರೇ ಗಣಿತವನ್ನೂ ಎಳೆಯುತ್ತಾರೆ. ಅತಿಥಿ ಶಿಕ್ಷಕರು ಬಂದರೂ ಶಾಲೆ ಶುರುವಾದ ದಿನವೇ ಬರುವುದಿಲ್ಲ, ಅಷ್ಟರಲ್ಲಿ ಮೊದಲ ಪಾಠಗಳು ಓಡಿಹೋಗಿರುತ್ತವೆ. ಜೊತೆಗೆ ಯಾವುದಾದರೂ ಮಗುವಿನ ಗಣಿತದ ನೋಟ್‌ಬುಕ್ ತೆರೆದು ನೋಡಿ. ಕೆಂಪು ಶಾಯಿಯ ಸಹಿಯ ಕೆಳಗೆ ತಾರೀಖು ಇದೆಯೇ? ತಪ್ಪು ಲೆಕ್ಕವನ್ನು ಮತ್ತೆ ಮಾಡಿಸಿದ್ದಾರೆಯೇ? ತಪ್ಪಿನ ಮೇಲೂ ರೈಟ್ ಗುರುತು ಬಿದ್ದಿದ್ದರೆ ಆ ಶಾಲೆ ಬಿಡಿ. ಇದಕ್ಕೆ ಶನಿವಾರ ಹೋಗಬೇಡಿ, ಅರ್ಧ ದಿನದಲ್ಲಿ ಏನೂ ತಿಳಿಯುವುದಿಲ್ಲ. ವಾರದ ನಡುವೆ ಹನ್ನೊಂದರ ಸುಮಾರಿಗೆ ಹೋಗಿ.

ಈ ಪರೀಕ್ಷೆಯಲ್ಲಿ ಪಾಸಾಗುವ ಓಣಿಯ ಶಾಲೆ ಸಿಕ್ಕರೆ ಅದೇ ವಾಸಿ. ಮಗು ನಡೆದು ಹೋಗುತ್ತದೆ, ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲ ಅಲ್ಲೇ. ತೊಡಕು ಮುಂದಿನ ಮೆಟ್ಟಿಲಲ್ಲಿ. ಹೆಚ್ಚಿನ ಶಾಲೆಗಳು ಏಳಕ್ಕೇ ನಿಲ್ಲುತ್ತವೆ, ಕೆಲವಕ್ಕೆ ಮಾತ್ರ ಎಂಟು ಸೇರಿದೆ. ಎಂಟು ಇರುವುದು ಅನುಕೂಲ ಅನ್ನಿಸುತ್ತದೆ. ಆದರೆ ಪ್ರೌಢಶಾಲೆಗಳು ಸೀಟು ತುಂಬಿಸುವುದು ಎಂಟಕ್ಕೆ, ಒಂಬತ್ತಕ್ಕೆ ಹೊಸದಾಗಿ ಹೋದವರಿಗೆ ಉಳಿದ ಮಾಧ್ಯಮ, ಉಳಿದ ತೃತೀಯ ಭಾಷೆಯೇ ಗತಿ. ಹಾಗಾಗಿ ಏಳಕ್ಕೇ ಟಿಸಿ ತೆಗೆಯುವುದು ಜಾಣತನ.

ಕರ್ನಾಟಕ ಪಬ್ಲಿಕ್ ಶಾಲೆಗಳು 2018-19ರಲ್ಲಿ ಶುರುವಾದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಶಾಲೆ ಬದಲಿಸುವ ತಲೆನೋವಿಲ್ಲ. ಆದರೆ ಆವರಣ ಒಂದಾದ ಮಾತ್ರಕ್ಕೆ ಪ್ರೌಢಶಾಲೆಯ ಗಣಿತದ ಮಾಸ್ತರು ಆರನೇತ್ತೆಗೆ ಬಂದು ಕಲಿಸುತ್ತಾರೆ ಅಂತಲ್ಲ, ವೇಳಾಪಟ್ಟಿ ಇಲ್ಲೂ ನೋಡಲೇಬೇಕು. ಇಂಗ್ಲಿಷ್ ವಿಭಾಗದ ಆಸೆಗೆ ಐದರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಆರಕ್ಕೆ ತಂದು ಕೂರಿಸುವುದು ಇಲ್ಲಿ ಸಾಮಾನ್ಯ. ಮಗುವಿಗೆ ಲೆಕ್ಕ ಬರುತ್ತದೆ, ಲೆಕ್ಕದ ವಾಕ್ಯ ಓದಲು ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಐದನೇತ್ತೆಯ ಗಣಿತವನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಒಮ್ಮೆ ತಿರುವಿ ಹಾಕಿಸಿದರೆ ಅರ್ಧ ಹೊರೆ ಇಳಿಯುತ್ತದೆ. ಶಾಲೆ ದೂರವಾದರೆ ಬಸ್ಸಿನ ಲೆಕ್ಕವೂ ಬೇಕು: ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಸಿಟಿ ಬಸ್ಸು ಪುಕ್ಕಟೆ, ಬಿಆರ್‌ಟಿಎಸ್‌ನ ಎಸಿ ಬಸ್ಸು ಚಿಗರಿಗೆ ಅದು ನಡೆಯುವುದಿಲ್ಲ.

ಮೊರಾರ್ಜಿಗೆ ಪ್ರವೇಶ ಪರೀಕ್ಷೆ, ಆರನೇತ್ತೆಗೆ 50 ಸೀಟು, ಊಟ ವಸತಿ ಉಚಿತ. ಇಲ್ಲಿ ಮಕ್ಕಳು ಸೋಲುವುದಕ್ಕಿಂತ ಕಾಗದ ಸೋಲುವುದು ಹೆಚ್ಚು. ಆಧಾರ್, ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್) ದಾಖಲೆ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಇರಬೇಕು. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ ಇದ್ದರೆ ದಾಖಲೆ ಪರಿಶೀಲನೆಯಲ್ಲಿ ತಕರಾರು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು (ಅದರ ಮೇಲಿನ ಕ್ರಮಸಂಖ್ಯೆ) ಹಳೆಯದಾಗಿದ್ದರೆ ದೀಪಾವಳಿಯೊಳಗೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ, ಅರ್ಜಿ ಕರೆದ ಮೇಲೆ ಸರ್ವರ್ ಸಿಗುವುದಿಲ್ಲ. ಶಾಲೆಗಳ ಆದ್ಯತಾ ಪಟ್ಟಿಯನ್ನೂ ಯೋಚಿಸಿ ತುಂಬಿ: ಭಾನುವಾರ ಹೋಗಿ ಬರಲಾಗದ ಊರನ್ನು ಸುಮ್ಮನೆ ಸೇರಿಸಿದರೆ ಅದೇ ಸಿಗಬಹುದು.

ನವೋದಯದ್ದು ಬೇರೆ ಮಟ್ಟ, ಪಾಠಕ್ಕೂ ಆಟಕ್ಕೂ. ಸೀಟು 80, ಪರೀಕ್ಷೆ ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯವು, ಉಳಿದವು 20 ಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು, ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಒಂದೇ ಅವಕಾಶ, ಮರುವರ್ಷ ಬರೆಯುವಂತಿಲ್ಲ.

ನಮ್ಮವರು ಎಡವುವುದು ಗ್ರಾಮೀಣ ಕೋಟಾದಲ್ಲಿ. ಕನಿಷ್ಠ 75 ಪ್ರತಿಶತ ಸೀಟು ಹಳ್ಳಿಯ ಮಕ್ಕಳಿಗೆ, ಮತ್ತು ಮೂರು, ನಾಲ್ಕು, ಐದನೇತ್ತೆ ಮೂರನ್ನೂ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ನವಲೂರು, ಉಣಕಲ್, ಅಮರಗೋಳ, ಗೋಪನಕೊಪ್ಪದವರಿಗೆ ತಮ್ಮದು ಹಳ್ಳಿ ಅನ್ನಿಸುತ್ತದೆ. ನವಲೂರಲ್ಲಂತೂ ಪೇರಲ ತೋಟ ಈಗಲೂ ಇದೆ. ಆದರೆ ಇವೆಲ್ಲ ಮಹಾನಗರ ಪಾಲಿಕೆ ವ್ಯಾಪ್ತಿ, ನವೋದಯದ ಲೆಕ್ಕದಲ್ಲಿ ಪೇಟೆ. ಈ ಊರಿನ ಶಾಲೆಯಲ್ಲಿ ಓದಿ ಗ್ರಾಮೀಣ ಅಂತ ಟಿಕ್ ಹಾಕಿದರೆ ಆಯ್ಕೆಯಾದ ಮೇಲೂ ಸೀಟು ಹೋಗುತ್ತದೆ. ಇನ್ನೊಂದು, ಒಂಬತ್ತನೇತ್ತೆಯಲ್ಲಿ ಸುಮಾರು 30 ಪ್ರತಿಶತ ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಇದನ್ನು ಅಜ್ಜಿಗೂ ಮೊದಲೇ ಹೇಳಿಡಿ.